ಸುಣ್ಣದ ಚುಕ್ಕೆಯ ಮೇಲೆ ಮುಳ್ಳು

ಹಳಿಯಾಳದ ಈಶಪ್ಪನ ಮೈಕ್‌ಸೆಟ್ ಅಂಗಡಿಯಲ್ಲಿ ಜುಜೆ ಸಿದ್ದಿ ಹದಿಮೂರು ವರ್ಷ ದುಡಿದ. ಕಲಿತದ್ದು ಎರಡನೇ ಇಯತ್ತೆ. ಆಂಪ್ಲಿಫೈಯರಿನ ಮೇಲೆ ಬರೆದ ಇಂಗ್ಲಿಷ್ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಎಡಗಡೆಯಿಂದ ಎಣಿಸುತ್ತಿದ್ದ. ಮೊದಲನೇ ತೂತು ಮೈಕಿಗೆ, ಎರಡನೆಯದೂ ಮೈಕಿಗೆ, ಮೂರನೆಯದು ರೆಕಾರ್ಡಿಗೆ. ಅಷ್ಟು ಗೊತ್ತಿದ್ದರೆ ಮದುವೆ, ಭಾಷಣ, ಎಲೆಕ್ಷನ್ ಎಲ್ಲಾ ಸಾಗುತ್ತಿದ್ದವು.

ಆಗ ಮೈಕ್‌ಸೆಟ್ಟಿನಲ್ಲಿ ಜನ ಒಂದೇ ಗುಣ ನೋಡುತ್ತಿದ್ದರು. ಎಷ್ಟು ದೂರ ಕೇಳುತ್ತದೆ, ಅಷ್ಟೇ. ಊರಿನ ಎತ್ತರದ ಮರ ಹತ್ತಿ ಭೋಂಗಾ, ಅಂದರೆ ಕಹಳೆಯಂಥ ತಗಡಿನ ಸ್ಪೀಕರು, ಕಟ್ಟಬೇಕು. ಗುಂಡಿಗಳನ್ನೆಲ್ಲ ಪೂರ್ತಿ ಬಲಕ್ಕೆ ತಿರುಗಿಸಬೇಕು. ಆಮೇಲೆ ಹಾಡು ಹಚ್ಚಬೇಕು. ದನಿ ಒಡೆದು ಬಂದರೂ ಯಾರೂ ಕೇಳುವವರಿಲ್ಲ. ಮೆಲ್ಲಗೆ ಬಂದರೆ ಮಾತ್ರ ಬೈಗುಳ.

"ನನ್ನ ಭೋಂಗಾ ಹಚ್ಚಿದ್ರ ಮುಂಡಗೋಡದ ಪಾಳಾ ಊರಾಗ ಮಲಗಿದ ಎಮ್ಮಿ ಏಳಬೇಕಲೇ ಜುಜ್ಯಾ," ಎನ್ನುತ್ತಿದ್ದ ಈಶಪ್ಪ.

"ಏಳತೈತಿ ಧಣಿ. ಹಿಂಡೂದಿಲ್ಲ ಅಷ್ಟ," ಎನ್ನುತ್ತಿದ್ದ ಜುಜೆ. ದಿನಕ್ಕೆ ಅವನು ಆಡುವ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು.

ಜುಜೆಯ ಅಣ್ಣ ಸಂತಾನ ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದ. ಮೀಟರು, ಗೇಜು ರಿಪೇರಿ ಮಾಡುವ ಕಡೆ ಅವನ ಕೆಲಸ. ಅಲ್ಲಿಯ ಇಂಜಿನಿಯರು ಬಾಂದೇಕರ ಸಾಹೇಬರು. ಅಂಬೇವಾಡಿಯ ಕ್ವಾರ್ಟರಿನಲ್ಲಿ ಒಬ್ಬರೇ ಇರುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ಅವರು ಮನೆಯಲ್ಲಿ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕಟ್ಟುತ್ತಿದ್ದರು. ಮುಂದಿನ ತಗಡಿನ ತುಂಬ ಗುಂಡಿ, ತೂತು. ಒಂದು ತೂತಿನಿಂದ ಇನ್ನೊಂದಕ್ಕೆ ವಾಯರು ಚುಚ್ಚಿದರೆ ದನಿ ಹುಟ್ಟುತ್ತಿತ್ತು. ವಾಯರು ಬದಲಿಸಿದರೆ ದನಿ ಬದಲು. ಸಾಹೇಬರು ಅದಕ್ಕೆ ಸಿಂಥಸೈಝರ್ ಎನ್ನುತ್ತಿದ್ದರು. ಸಂತಾನ 'ಹಾಡೋ ಟ್ರಂಕು' ಎನ್ನುತ್ತಿದ್ದ. ಬೆಸುಗೆಯ ಕೆಲಸ ಅರ್ಧಕ್ಕಿಂತ ಹೆಚ್ಚು ಸಂತಾನನದೇ. ಎಷ್ಟೋ ರವಿವಾರ ಅವನು ಮನೆಗೆ ಬರದೆ ಅಲ್ಲೇ ಕೂತಿರುತ್ತಿದ್ದ. ಬಂದಾಗ ತಾಯಿಗೆ ಹೇಳುತ್ತಿದ್ದ:

"ಆಯಿ, ಆ ಟ್ರಂಕಿನ್ಯಾಗ ಒಂದು ದನಿ ಸಿಕ್ಕೈತಿ ನೋಡ. ನೀ ಹಾಡೂಮುಂದ ಹಿಂದ ಹಿಡಕೊಂಡು ನಿಂತಂಗ ಬರತೈತಿ. ಒಮ್ಮೆ ಹಚ್ಚೂಣು."

"ನನ್ನ ಹಾಡಿಗ್ಯಾ? ನನ್ನ ಹಾಡು ಯಾವಾಗ ಬರತೈತಿ ಗೊತ್ತೈತೇನೋ ನಿನಗ? ಸತ್ತಾಗ," ಎಂದು ತಾಯಿ ನಗುತ್ತಿದ್ದಳು.

ತಾಯಿ ಅನ್ನಾಬಾಯಿ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಕಾಡಿನೊಳಗೆ ಅವರ ಕೇರಿ. ಕೇರಿಯಲ್ಲಿ ಯಾರೇ ತೀರಿಕೊಂಡರೂ ಹಾಡಲು ಅವಳನ್ನೇ ಕರೆಯುತ್ತಿದ್ದರು. ಅಲ್ಲಿ ಒಂದು ಪದ್ಧತಿ ಇತ್ತು. ವರ್ಷ ತುಂಬಿದ ದಿನ, ಇಗರ್ಜಿಯಲ್ಲಿ, ಅಂದರೆ ಕೇರಿಯ ಚರ್ಚಿನಲ್ಲಿ, ಪೂಜೆಯಾದ ಮೇಲೆ, ಅಂಗಳದಲ್ಲಿ ಕೂತು ಸತ್ತವರ ಹಾಡು ಹಾಡಬೇಕು. ಹುಟ್ಟಿದ್ದು, ಬೆಳೆದದ್ದು, ದುಡಿದದ್ದು, ಸತ್ತದ್ದು ಎಲ್ಲಾ ಹೇಳಿ, ಕಡೆಗೆ ಹೆಸರು ಹಿಡಿದು ಹೋಗು ಎನ್ನಬೇಕು. ಆ ಕಡೆಯ ಮಾತು ಬಂದವರೆಲ್ಲರ ಕಿವಿಗೆ ಬೀಳಬೇಕು. ಬಿದ್ದ ಮೇಲೆ ಎಲ್ಲರೂ ಎದ್ದು ಕೈ ತೊಳೆಯುತ್ತಾರೆ. ಅಲ್ಲಿಗೆ ಮನೆಯ ದುಃಖ ಇಳಿಯಿತು. ಹಾಡು ನಡುವೆ ನಿಂತರೆ ಮತ್ತೊಂದು ವರ್ಷ ಅದೇ ದುಃಖ. ಸತ್ತವನ ಹೆಂಡತಿ ಆ ವರ್ಷವೂ ಹೊಸ್ತಿಲು ದಾಟಿ ದುಡಿಯಲು ಹೋಗುವಂತಿಲ್ಲ.

ಎಂಬತ್ತೆರಡನೇ ಇಸವಿ ನವೆಂಬರಿನಲ್ಲಿ ಸಂತಾನನಿಗೆ ಕಾಮಾಲೆ ಆಯಿತು. ಹನ್ನೆರಡು ದಿನಕ್ಕೆ ತೀರಿಕೊಂಡ. ಮೂವತ್ತಾರು ವರ್ಷ. ಹೆಂಡತಿ ಕ್ರಿಸ್ತಿನಾ, ಎರಡು ಹೆಣ್ಣು ಕೂಸು.

ಮಣ್ಣು ಕೊಟ್ಟು ಬಂದ ಮರುದಿನ ಜುಜೆ ಕೆಲಸಕ್ಕೆ ಹೋದ. ಒಂದು ಮದುವೆಯಲ್ಲಿ ಮರ ಹತ್ತಿ ಭೋಂಗಾ ಕಟ್ಟಿದ. ಅವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಅನ್ನಾಬಾಯಿ ಮಾತ್ರ ದನಿಯನ್ನೇ ಕಳೆದುಕೊಂಡಳು. ಮಾತಾಡಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತಿತ್ತು. ಆ ನಡುವೆ, ಕೇರಿಯಲ್ಲಿ ಹಿಂದಿನ ವರ್ಷ ಸತ್ತಿದ್ದ ಇಬ್ಬರ ಹಾಡಿನ ದಿನ ಬಂದವು. ಅವರ ಮನೆಗೆ ಅವಳು ಹಾಡಲು ಹೋಗಲಿಲ್ಲ.

ವರ್ಷದ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಅವಳು ಮಗನನ್ನು ಕರೆದಳು.

"ಜುಜೆ, ಹಾಡೂದಕ್ಕ ನನಗ ದನಿ ಇಲ್ಲೋ. ಅಂಗಳದ ಆ ಕಡೆ ಕುಂತವ್ರಿಗೆ ಕೇಳೂದಿಲ್ಲ. ಕೇಳದಿದ್ರ ಮತ್ತ ಒಂದು ವರ್ಷ. ನನಗ ಅರವತ್ತೆಂಟು. ಮತ್ತೊಂದು ವರ್ಷ ನಾ ಇರತೇನೋ ಇಲ್ಲೋ. ಕ್ರಿಸ್ತಿನಾನ್ನ ಎಷ್ಟು ದಿನ ಮನ್ಯಾಗ ಕುಂಡ್ರಸೂದು? ನಿನ್ನ ಮೈಕ್ ತಾ."

"ತರತೇನಿ ಆಯಿ."

"ಸಂತ್ಯಾನ ಟ್ರಂಕೂ ತಾ. ಅಂವ ಕೇಳಿದಾಗ ನಾ ನಕ್ಕಿದ್ದೆ."

ಜುಜೆ ಅಂಬೇವಾಡಿಗೆ ಹೋಗಿ ಸಾಹೇಬರಿಗೆ ವಿಷಯ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹೊತ್ಕೊಂಡ ಬರತೇನಿ," ಎಂದರು. "ಅವನ ಕೈಯಿಂದ ಆದ ಪೆಟ್ಟಿಗಿ ಅದು. ಮೊದಲ ಒಮ್ಮೆ ಇಲ್ಲೇ ಹಚ್ಚಿ ನೋಡೂಣು."

ಹುಬ್ಬಳ್ಳಿಯಿಂದ ಈಶಪ್ಪ ಹೊಸದಾಗಿ ಒಂದು ಮಿಕ್ಸರ್ ತಂದಿದ್ದ. ನಾಲ್ಕು ತೂತಿನದು, ನಾಲ್ಕೂ ಮೈಕಿಗೆ. ನಾಲ್ಕು ಕಡೆಯಿಂದ ಬಂದ ದನಿ ಕೂಡಿಸಿ ಆಂಪ್ಲಿಫೈಯರಿಗೆ ಕೊಡುತ್ತಿತ್ತು. ನಡುವೆ ಗಾಜಿನೊಳಗೆ ದನಿಯ ಜೋರು ತೋರಿಸುವ ಒಂದು ಮುಳ್ಳು. ಜುಜೆ ಅದನ್ನೂ ಆಂಪ್ಲಿಫೈಯರನ್ನೂ ಒಂದು ಭೋಂಗಾವನ್ನೂ ಸಾಹೇಬರ ಪಡಸಾಲೆಗೆ ತಂದ. ಪೆಟ್ಟಿಗೆಯ ವಾಯರನ್ನು ಮಿಕ್ಸರಿನ ಎರಡನೇ ತೂತಿಗೆ ಚುಚ್ಚಿದ. ಕೈ ತನ್ನ ರೂಢಿಯಂತೆ ಗುಂಡಿಗಳನ್ನೆಲ್ಲ ಬಲಕ್ಕೆ ತಿರುಗಿಸಿತು.

"ಥಾಂಬ, ನಿಲ್ಲಸು!" ಎಂದು ಸಾಹೇಬರು ಕೂಗುವಷ್ಟರಲ್ಲಿ ದನಿ ಬಂದುಬಿಟ್ಟಿತ್ತು. ತಗಡು ಹರಿದಂಥ ದನಿ. ಮುಳ್ಳು ಬಲದ ಗೋಡೆಗೆ ಬಡಿದು ಅಲ್ಲೇ ನಿಂತಿತು. ಭೋಂಗಾದೊಳಗೆ ಚಟ್ ಎಂದಿತು. ಆಮೇಲೆ ಏನೂ ಇಲ್ಲ. ಸುಟ್ಟ ವಾಸನೆ ಬಂತು.

ಪಕ್ಕದ ಕ್ವಾರ್ಟರಿನ ಸುಶೀಲವ್ವ ಕಿಟಕಿಯಲ್ಲಿ ಮುಖ ತೂರಿದಳು. "ಏನ್ರಿ ಸಾಹೇಬ್ರ, ಹಂದಿ ಹೊಡದ್ರೇನು?"

ಅಂಗಡಿಯಲ್ಲಿ ಈಶಪ್ಪ ಭೋಂಗಾದೊಳಗೆ ದನಿ ಹುಟ್ಟಿಸುವ ಯೂನಿಟ್ ಬಿಚ್ಚಿ ನೋಡಿ ಹಣೆ ಬಡಿದುಕೊಂಡ. "ಹದಿಮೂರು ವರ್ಷದಾಗ ಒಂದು ಯೂನಿಟ್ ಸುಟ್ಟಿದ್ದಿಲ್ಲಲೇ ನೀ. ಮನಿ ಕೆಲಸ ಬಂತು, ಸುಟ್ಟಿ."

ಜುಜೆ ಬಿಚ್ಚಿದ ತಿರುಪುಗಳನ್ನು ಆರಿಸಿದ.

"ಅಣ್ಣನ ಕಾರ್ಯ ಅಂತ ಸುಮ್ನಿದೇನಿ. ಇನ್ನೊಂದು ಒಯ್ಯಿ. ಒಂದ ಒಯ್ಯಿ. ಇದನ್ನೂ ಸುಟ್ರ ನಿನ್ನ ಬಾಯಿಂದ ಕೂಗಬೇಕು, ತಿಳೀತಿಲ್ಲ?"

ಮರುದಿನ ಹೆದರಿ ಗುಂಡಿಗಳನ್ನು ಎಡಕ್ಕೆ ಇಟ್ಟುಕೊಂಡೇ ಹಚ್ಚಿದ. ಮೆಲ್ಲಗೆ ಬಂತು. ಆದರೆ ಹರಿದೇ ಬಂತು. ಇನ್ನೂ ತಗ್ಗಿಸಿದ. ಇನ್ನೂ ಮೆಲ್ಲಗೆ, ಅದೇ ಹರಕು. ಜುಜೆಗೆ ಇದು ಅರ್ಥವಾಗಲಿಲ್ಲ. ಗುಂಡಿ ತಗ್ಗಿಸಿದರೆ ದನಿ ನೆಟ್ಟಗಾಗಬೇಕಲ್ಲ?

ಸಾಹೇಬರು ಕಾಗದ ತೆಗೆದು ಏನೋ ಬರೆಯಲು ಹೋದವರು, ಅವನ ಮುಖ ನೋಡಿ ಪೆನ್ನು ಕೆಳಗಿಟ್ಟರು.

"ಜುಜೆ, ಮೈಕಿನಿಂದ ಬರೂ ದನಿ ಎಷ್ಟ ಇರತೈತಿ? ಇರುವಿ ಹೊತ್ತ ಕಾಳಿನಷ್ಟ. ಆ ತೂತು ಮಾಡಿದ್ದ ಅಷ್ಟಕ್ಕ. ನನ್ನ ಪೆಟ್ಟಿಗಿ ಚೀಲಗಟ್ಟಲೆ ಸುರೀತದ. ಗುಂಡಿ ಇರೂದು ಒಳಗಿನ ಕೋಣ್ಯಾಗ. ಬಾಗಲದಾಗ ಮುರದ ಹೋದದ್ದನ್ನ ಒಳಗ ಹೆಂಗ ಸರಿ ಮಾಡ್ತಿ?"

ಜುಜೆ ಎರಡನೇ ತೂತಿನ ಮೇಲೆ ಬೆರಳಿಟ್ಟು ನೋಡಿದ.

"ಕೆರೀ ತೂಬಿಗೆ ಬಿಂದಿಗಿ ಹಿಡದಂಗ ಆತ್ರಿ," ಎಂದ.

"ಬರೋಬರ್."

"ಮತ್ತ ನೀರ ಪಾಲು ಮಾಡಬೇಕ್ರಿ. ಬೇಕಾದಷ್ಟ ಬಿಂದಿಗಿಗೆ, ಉಳಿದದ್ದ ನೆಲಕ್ಕ."

ಸಾಹೇಬರು ಎದ್ದು ಒಂದು ಡಬ್ಬಿ ತಂದರು. ಒಳಗೆ ಕರೆಂಟು ತಡೆಯುವ ಬಣ್ಣದ ಪಟ್ಟಿಯ ರೆಸಿಸ್ಟರುಗಳು, ಅಕ್ಕಿಕಾಳಿನಂಥವು. ಬಣ್ಣದ ಪ್ರಕಾರ ಬೇರೆ ಬೇರೆ ಪೊಟ್ಟಣ ಕಟ್ಟಿತ್ತು. ದಾರದ ಗಂಟು ನೋಡಿ ಜುಜೆಗೆ ಯಾರು ಕಟ್ಟಿದ್ದೆಂದು ತಿಳಿಯಿತು. ಬಿಚ್ಚಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ದೊಡ್ಡದೊಂದನ್ನು ದಾರಿಗೆ ಅಡ್ಡ ಇಟ್ಟರು. ಸಣ್ಣದೊಂದನ್ನು ನೆಲಕ್ಕೆ ಕೊಟ್ಟರು. ಪೆಟ್ಟಿಗೆಯ ಬಾಯಲ್ಲೇ ಬೆಸೆದರು. ಹರಕು ಹೋಯಿತು. ಆದರೆ ಪೆಟ್ಟಿಗೆಯಿಂದ ಮಿಕ್ಸರಿನ ತನಕ ಎಳೆದ ಇಪ್ಪತ್ತು ಮೊಳದ ವಾಯರಿನ ತುದಿಗೆ ದನಿಯ ಜೊತೆ ಗುಂಯ್ ಎಂದು ದುಂಬಿ ಕೂತಂಥ ಸದ್ದು ಬಂತು. ಸಾಹೇಬರು ಬೇರೆ ಬೇರೆ ಬಣ್ಣ ಹಾಕಿ ನೋಡಿದರು. ದುಂಬಿ ಹೋಗಲಿಲ್ಲ.

ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ಜುಜೆ ಅದನ್ನೇ ಯೋಚಿಸಿದ. ಬಡಕಲು ದನಿ ಅಷ್ಟು ದೂರ ಒಂಟಿಯಾಗಿ ನಡೆದು ಬರುತ್ತದೆ. ದಾರಿಯಲ್ಲಿ ಕಂಡಕಂಡದ್ದೆಲ್ಲ ಹತ್ತಿಕೊಳ್ಳುತ್ತದೆ. ಜೋರಾಗಿಯೇ ಬರಲಿ. ಮಿಕ್ಸರಿನ ಬಾಗಿಲಿಗೆ ಬಂದ ಮೇಲೆ ತಗ್ಗಲಿ.

ಮರುದಿನ ಎರಡೂ ರೆಸಿಸ್ಟರು ಕಿತ್ತು ಒಂದು ಖಾಲಿ ನಶ್ಯದ ಡಬ್ಬಿಯೊಳಗೆ ಬೆಸೆದ. ಡಬ್ಬಿಯನ್ನು ಮಿಕ್ಸರಿನ ಮಗ್ಗುಲಿಗೇ ಇಟ್ಟ. ದುಂಬಿ ಹಾರಿಹೋಯಿತು. ಪೆಟ್ಟಿಗೆಯ ದನಿ ತುಂಬಿದ ಗಡಿಗೆಯಂತೆ ದುಂಡಗೆ ಬಂತು. ಸಂತಾನ ಆ ದನಿಗೆಂದು ಚುಚ್ಚಿದ್ದ ವಾಯರುಗಳನ್ನು ಹಾಗೇ ಬಿಟ್ಟು ಇಬ್ಬರೂ ಅದನ್ನು ಕೇಳುತ್ತ ಕೂತರು.

ಇನ್ನೊಂದು ಕೆಲಸ ಉಳಿದಿತ್ತು. ಪೆಟ್ಟಿಗೆಯ ದನಿ ಆಯಿಯ ದನಿಗೆ ಸರಿಯಾಗಬೇಕು. ಒಂದು ಕೂದಲು ಹೆಚ್ಚಾದರೂ ಮುದುಕಿಯ ದನಿ ಮುಳುಗುತ್ತದೆ. ಆದರೆ ಆ ಹಾಡನ್ನು ಮೊದಲೇ ಹಾಡಿ ನೋಡುವಂತಿಲ್ಲ. ಒಂದೇ ಸಲ, ಅವತ್ತೇ.

ಜುಜೆ ಮಿಕ್ಸರನ್ನು ಬ್ಯಾಟರಿಯ ಸಮೇತ ಮನೆಗೆ ಒಯ್ದ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮೈಕನ್ನು ತಾಯಿಯ ಬಾಯಿಂದ ಒಂದು ಗೇಣು ದೂರ ಹಿಡಿದ.

"ಏನೋ ಇದು? ದೇವರಿಗೆ ಕಿವಿ ಕೇಳೂದಿಲ್ಲೇನು?"

"ದೇವರಿಗಲ್ಲ ಆಯಿ, ಮುಳ್ಳಿಗೆ. ನೀ ಜಪಾ ಮಾಡು. ಹಾಡೂದೂ ಇಷ್ಟ ದನೀಲೇನ?"

"ಇಷ್ಟ. ಇದರ ಮ್ಯಾಲ ನನ್ನ ಹತ್ರ ಇಲ್ಲ."

ಅವಳು ಜಪಮಣಿ ಎಣಿಸಿದಳು. ಜುಜೆ ಮುಳ್ಳನ್ನೇ ನೋಡಿದ. ಅದು ಏಳುತ್ತಿತ್ತು, ಬೀಳುತ್ತಿತ್ತು, ಹೆಚ್ಚಾಗಿ ಒಂದೇ ಜಾಗಕ್ಕೆ ಬರುತ್ತಿತ್ತು. ಅಂಕಿ ಅವನಿಗೆ ಬೇಕಾಗಿರಲಿಲ್ಲ. ತಾಯಿಯ ಎಲೆಅಡಕೆ ಚಂಚಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು, ಆ ಜಾಗಕ್ಕೆ ಗಾಜಿನ ಮೇಲೆ ಒಂದು ಚುಕ್ಕೆ ಇಟ್ಟ. ಮರುದಿನ ಅಂಬೇವಾಡಿಯಲ್ಲಿ ಪೆಟ್ಟಿಗೆ ಹಚ್ಚಿ, ಗುಂಡಿ ಪೂರ್ತಿ ಬಲಕ್ಕಿಟ್ಟಾಗ ಮುಳ್ಳು ಅದೇ ಚುಕ್ಕೆಗೆ ಬರುವಂತೆ ಡಬ್ಬಿಯೊಳಗಿನ ಸಣ್ಣ ರೆಸಿಸ್ಟರನ್ನು ನಾಲ್ಕು ಸಲ ಬದಲಿಸಿದ. ಆಮೇಲೆ ಡಬ್ಬಿಗೆ ಮುಚ್ಚಳ ಹಾಕಿ ಬಟ್ಟೆ ಸುತ್ತಿದ.

ವರ್ಷದ ದಿನ ಪೂಜೆ ಹತ್ತು ಗಂಟೆಗೆ ಮುಗಿಯಿತು. ಇಗರ್ಜಿ ಸಣ್ಣದು, ಅಂಗಳ ದೊಡ್ಡದು. ಜೋಯಿಡಾ ಕಡೆಯಿಂದ, ಗಣೇಶಗುಡಿಯಿಂದ ನೆಂಟರು ಬಂದಿದ್ದರು. ಇನ್ನೂರು ಜನ ಇದ್ದಿರಬೇಕು. ತಡವಾಗಿ ಬಂದವರು ಅಂಗಳದಾಚೆ ಮತ್ತಿಮರದ ಕೆಳಗೆ ಕೂತರು. ಕೇರಿಗೆ ಕರೆಂಟ್ ಇರಲಿಲ್ಲ. ಲಾರಿಯ ಬ್ಯಾಟರಿಯ ಮೇಲೆ ಎಲ್ಲಾ ನಡೆಯಬೇಕು. ಜುಜೆ ಈ ಸಲ ಮರ ಹತ್ತಲಿಲ್ಲ. ಭೋಂಗಾವನ್ನು ಆಳೆತ್ತರದ ಗೂಟಕ್ಕೆ ಕಟ್ಟಿದ.

ಈಶಪ್ಪ ಸೈಕಲ್ ಮೇಲೆ ಬಂದು ಮತ್ತಿಮರಕ್ಕೆ ಒರಗಿ ನಿಂತಿದ್ದ. "ಇಷ್ಟ ಕೆಳಗ ಕಟ್ಟಿದ್ರ ನನ್ನ ಹೆಸರು ಹೋತಲೇ," ಎಂದ. ಜುಜೆ ಗೂಟದ ಹಗ್ಗ ಬಿಗಿದ.

ಅನ್ನಾಬಾಯಿ ಚಾಪೆಯ ಮೇಲೆ ಕೂತಳು. ಕ್ರಿಸ್ತಿನಾ ಎರಡು ಕೂಸುಗಳನ್ನು ಮಗ್ಗುಲಿಗೆ ಕೂರಿಸಿಕೊಂಡಳು. ಸಾಹೇಬರು ಪೆಟ್ಟಿಗೆಯ ಮುಂದೆ ನೆಲದ ಮೇಲೇ ಕೂತರು. ಜುಜೆ ಮಿಕ್ಸರಿನ ಮೇಲೆ ಎರಡು ಕೈ ಇಟ್ಟ. ಎಡಗೈ ತಾಯಿಯ ಗುಂಡಿಗೆ, ಬಲಗೈ ತಗ್ಗಿಸಿಟ್ಟ ಅಣ್ಣನ ಗುಂಡಿಗೆ.

ಅವಳು ಶುರು ಮಾಡಿದಳು. ಮಳೆಗಾಲದಲ್ಲಿ ಹುಟ್ಟಿದವನು ಎಂದು ಹಾಡಿದಳು. ಹಲಸಿನ ಮರದಿಂದ ಬಿದ್ದು ಹಲ್ಲು ಮುರಿದುಕೊಂಡವನು, ಜೇನು ಕೀಳಲು ಹೋಗಿ ಅಪ್ಪನ ಕಂಬಳಿ ಸುಟ್ಟವನು. ಅಲ್ಲಲ್ಲಿ ಜನ ಮೆಲ್ಲಗೆ ನಕ್ಕರು. ದನಿ ತೆಳ್ಳಗಿತ್ತು, ಆದರೆ ಮತ್ತಿಮರದ ಕೆಳಗಿನವರೂ ನಕ್ಕಿದ್ದರಿಂದ ಜುಜೆಗೆ ಅಲ್ಲಿಗೂ ಕೇಳುತ್ತಿದೆ ಎಂದು ಗೊತ್ತಾಯಿತು. ಪೆಟ್ಟಿಗೆಯ ದನಿ ಅವಳ ಹಿಂದೆ ನಿಂತು ಹಿಡಿದುಕೊಂಡಿತ್ತು. ಕಿವಿಗೊಟ್ಟರೆ ಮಾತ್ರ ಕೇಳುವಷ್ಟು. ಸಂತಾನ ಹೇಳಿದ್ದು ಸುಳ್ಳಲ್ಲ.

ದಾಂಡೇಲಿಗೆ ದುಡಿಯಲು ಹೋದ ಎಂದು ಹಾಡಿದಳು. ಮದುವೆ, ಮಕ್ಕಳು. ಆಮೇಲೆ ಕಣ್ಣು ಹಳದಿಯಾಯಿತು ಎಂದಳು. ಹಳದಿ ಎಂಬ ಮಾತನ್ನು ಎಳೆದಳು. ಎಳೆಯುತ್ತಲೇ ಇದ್ದಳು. ಜುಜೆ ತಲೆ ಎತ್ತಿ ನೋಡಿದ. ಅವಳ ಬಾಯಿ ತೆರೆದಿತ್ತು. ಮುಂದಿನ ಮಾತು ಬರುತ್ತಿರಲಿಲ್ಲ. ಅಳು ಬಂದುಬಿಟ್ಟಿತ್ತು.

ಹಾಡು ನಿಂತಿತೆಂದು ಜನರಿಗೆ ತಿಳಿದರೆ ಮುಗಿಯಿತು. ಮತ್ತೊಂದು ವರ್ಷ. ಅವಳ ಅಳು ಇನ್ನೂರು ಜನರ ತಲೆಯ ಮೇಲೆ ಭೋಂಗಾದಿಂದ ಬಿದ್ದರೆ ಅವಳು ಮತ್ತೆ ಬಾಯಿ ಬಿಡುವವಳಲ್ಲ.

ಜುಜೆ ಯೋಚನೆ ಮಾಡಲಿಲ್ಲ. ಎಡಗೈ ತಾಯಿಯ ಗುಂಡಿಯನ್ನು ಎಡಕ್ಕೆ ತಿರುಗಿಸಿತು, ಕಡೆಯ ತನಕ. ಅದೇ ಹೊತ್ತಿಗೆ ಬಲಗೈ ಅಣ್ಣನ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿತು. ಮುಳ್ಳು ಒಮ್ಮೆ ಅಲುಗಾಡಿ ಸುಣ್ಣದ ಚುಕ್ಕೆಯ ಮೇಲೆ ನಿಂತಿತು. ಸಾಹೇಬರು ಅವನ ಕೈ ನೋಡಿದರು. ಅವಳು ಎಳೆಯುತ್ತಿದ್ದ ಸ್ವರಕ್ಕೇ ಪೆಟ್ಟಿಗೆಯ ಗುಂಡಿಯನ್ನು ತಂದು ಅಲ್ಲೇ ಹಿಡಿದು ಕೂತರು. ಭೋಂಗಾದಲ್ಲಿ ಸ್ವರ ಮುರಿಯಲಿಲ್ಲ. ಮುದುಕಿ ಆ ಮಾತನ್ನು ಇನ್ನೂ ಎಳೆಯುತ್ತಿದ್ದಾಳೆ ಎಂದೇ ಜನ ತಿಳಿದು ಕೂತರು. ಯಾರೂ ಕತ್ತು ತಿರುಗಿಸಲಿಲ್ಲ.

ಎರಡು ಮೊಳ ದೂರದಲ್ಲಿ ಅವಳು ಅಳುತ್ತಿದ್ದಳು. ಜುಜೆಗೆ ಪೂರ್ತಿ ಕೇಳಿತು. ಕ್ರಿಸ್ತಿನಾ ಅತ್ತೆಯ ಬೆನ್ನಿನ ಮೇಲೆ ಕೈ ಇಟ್ಟಳು. ಎಷ್ಟು ಹೊತ್ತೋ ಅವನಿಗೆ ತಿಳಿಯಲಿಲ್ಲ. ಕಡೆಗೆ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಅವನ ಕಡೆ ನೋಡಿ ತಲೆಯಾಡಿಸಿದಳು. ಅವನು ಗುಂಡಿಗಳನ್ನು ಹಿಂದಿನ ಜಾಗಕ್ಕೆ ತಂದ. ಅವಳು ಉಳಿದ ನಾಲ್ಕು ಸಾಲು ಹಾಡಿದಳು. ಹೆಸರು ಹಿಡಿದು ಹೋಗು ಎಂದಳು.

ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಆಮೇಲೆ ಮುಂದೆ ಕೂತ ಹೆಂಗಸರು ಎದ್ದರು. ಆಮೇಲೆ ಅಂಗಳ. ಕಡೆಗೆ ಮತ್ತಿಮರದ ಕೆಳಗಿನವರು ಎದ್ದು ನೀರಿನ ಹಂಡೆಯ ಕಡೆ ಬಂದರು. ಈಶಪ್ಪ ಬೇರೆ ಜಾತಿಯವ, ಅಲ್ಲಿ ಉಣ್ಣುವವನಲ್ಲ. ಆದರೂ ಸಾಲಿನಲ್ಲಿ ನಿಂತು ಎರಡು ಕೈ ಚಾಚಿ ನೀರು ಹಾಕಿಸಿಕೊಂಡ. ಜುಜೆಯ ಹತ್ತಿರ ಬಂದು, "ದನಿ ಒಡೀಲಿಲ್ಲ ನೋಡಲೇ," ಎಂದಷ್ಟೇ ಹೇಳಿ ಸೈಕಲ್ ಹತ್ತಿದ.

ಕ್ರಿಸ್ತಿನಾ ಮರುವಾರ ಹಳಿಯಾಳದ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗಬೇಕೆಂದು ಅಲ್ಲೇ ನೆಂಟರ ಜೊತೆ ಮಾತಾಡುತ್ತಿದ್ದಳು. ಜುಜೆ ವಾಯರು ಸುತ್ತುತ್ತಿದ್ದ. ಅನ್ನಾಬಾಯಿ ಚಾಪೆ ಬಿಟ್ಟು ಎದ್ದಿರಲಿಲ್ಲ. ಅವನನ್ನು ಹತ್ತಿರ ಕರೆದಳು.

"ಜುಜೆ, ನಾ ನಡುವ ನಿಂತೆನೋ."

"ಮಂದಿಗೆ ನಿಂತಂಗ ಕೇಳಲಿಲ್ಲ ಆಯಿ."

"ನಾ ಅತ್ತದ್ದು?"

"ಅದೂ ಕೇಳಲಿಲ್ಲ."

"ನಿನಗ?"

ಜುಜೆ ವಾಯರು ಕೆಳಗಿಟ್ಟ.

"ನನಗ ಕೇಳಿತು."

ಅವಳು ಅವನ ಮುಖವನ್ನೇ ನೋಡಿದಳು. ವರ್ಷದಿಂದ ಒಣಗಿದ್ದ ಅವನ ಕಣ್ಣು ತುಂಬಿದ್ದನ್ನು ಕಂಡಳು.

"ಇನ್ನೂ ಕೈ ತೊಳೀಬ್ಯಾಡ," ಎಂದಳು. "ಇಲ್ಲೇ ಕುಂಡ್ರು. ಮಂದಿ ಉಣ್ಣಲಿ. ನಿನ್ನ ಅಳೂದೂ ಆಗಲಿ, ಆಮೇಲೆ ಇಬ್ಬರೂ ಕೂಡಿ ತೊಳಕೊಳ್ಳೂಣು."

ಅವನು ಅವಳ ಮಗ್ಗುಲಿಗೆ ಕೂತ. ಉಂಡವರು ಎಲೆ ಎತ್ತುವ ಹೊತ್ತಿಗೆ ತಾಯಿ ಮಗ ಎದ್ದು ಹಂಡೆಯ ಹತ್ತಿರ ಹೋದರು.